ಅತ್ತೆಯ ಕೈಯಲ್ಲಿ ಸೊಸೆಯ ಬಳೆ

ಬಿಸಿಲಿಗೆ ಓಣಿಯವರೆಲ್ಲ ಅಂಗಿಯ ತೋಳು ಮಡಚಿಕೊಂಡು ಓಡಾಡುತ್ತಿದ್ದ ಮಧ್ಯಾಹ್ನ, ಮೆಯ್‌ಜೆನ್ ಚಿಕ್ಕಮ್ಮ ಬೆರಳ ತುದಿಯವರೆಗೆ ತೋಳು ಎಳೆದುಕೊಂಡು ನನ್ನ ಅಂಗಡಿಗೆ ಬಂದರು. ಬಂದವರು ಕೂರಲಿಲ್ಲ. ಬೇರೆ ಗಿರಾಕಿ ಇದ್ದಾರೋ ಎಂದು ಬಗ್ಗಿ ನೋಡಿದರು, ಕನ್ನಡಿಯ ಹಿಂದೆಯೂ ಒಮ್ಮೆ ನೋಡಿದರು, ಬಾಗಿಲ ಪರದೆಯನ್ನು ತಾವೇ ಎಳೆದರು. ಆಮೇಲೆ ಪಿಸುದನಿಯಲ್ಲಿ ಕೇಳಿದರು.

"ಮೈನಾ, ಸೋಪಿದೆಯೇನೇ?"

ಸೋಪಿಲ್ಲದಿದ್ದರೆ ನನ್ನ ಅಂಗಡಿಯೇ ಇಲ್ಲ. ನಮ್ಮ ಗಡಿಯೂರು ತೆಂಗ್‌ಚೊಂಗಿನ ಕಲ್ಲು ಕೊಯ್ಯುವವರ ಓಣಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೆಲಸ. ಗಡಿಯಾಚೆ ಬರ್ಮಾದಿಂದ ಬರುವ ಜೇಡ್ ಎಂಬ ಹಸಿರು ಕಲ್ಲಿನ ಬಂಡೆಯನ್ನು ಕೆಲವರು ಕೊಯ್ಯುತ್ತಾರೆ, ಕೆಲವರು ಉಜ್ಜುತ್ತಾರೆ, ಎರಡೂ ಬಾರದವರು ಮಾರುತ್ತಾರೆ. ನನ್ನದು ತೊಡಿಸುವ ಕೆಲಸ. ಜೇಡ್ ಬಳೆಗೆ ಬಾಯಿಲ್ಲ, ಕೀಲಿಲ್ಲ. ಒಂದೇ ಕಲ್ಲಿನಿಂದ ಕೊರೆದು ತೆಗೆದ ಇಡೀ ಉಂಗುರ ಅದು, ಬಗ್ಗುವುದಿಲ್ಲ, ಹಿಗ್ಗುವುದಿಲ್ಲ. ಬಗ್ಗಬೇಕಾದದ್ದು ಕೈ. ಸಲೀಸಾಗಿ ಏರುವ ಬಳೆ ಬಳೆಯೇ ಅಲ್ಲ ಎನ್ನುತ್ತಾರೆ ನಮ್ಮ ಹೆಂಗಸರು. ಏರುವಾಗ ಒಮ್ಮೆ ಕಣ್ಣಲ್ಲಿ ನೀರು ತರಿಸಿ ಆಮೇಲೆ ಬದುಕಿಡೀ ಜಗ್ಗದೆ ಕೂತಿರಬೇಕು. ಗಂಡಂದಿರ ಬಗ್ಗೆಯೂ ಅವರು ಇದನ್ನೇ ಹೇಳುವುದುಂಟು, ಅದು ಬೇರೆ ಅಂಗಡಿಯ ಮಾತು.

ನನ್ನ ಬಳಿ ಇರುವುದು ಸೋಪು, ತೆಳ್ಳನೆಯ ಪ್ಲಾಸ್ಟಿಕ್ ಚೀಲ, ಮತ್ತೆ ಈ ಬಾಯಿ. ಬಿಗಿದ ಕೈಯೊಳಗೆ ಬಳೆ ಹೋಗುವುದಿಲ್ಲ. ನಕ್ಕ ಹೆಂಗಸಿನ ಕೈ ತಾನಾಗಿ ಮೆತ್ತಗಾಗುತ್ತದೆ. ಆದ್ದರಿಂದ ನಾನು ಕೈ ಹಿಡಿದುಕೊಂಡು ಯಾರದಾದರೂ ದನಿ ತೆಗೆಯುತ್ತೇನೆ. ಬಸ್ ನಿಲ್ದಾಣದಲ್ಲಿ ಮೂಗಿನಿಂದ ಊರುಗಳ ಹೆಸರು ಕೂಗುವಾಕೆ, ಮೊಟ್ಟೆಯಿಡುವ ಮೊದಲೇ ಊರಿಗೆಲ್ಲ ಸುದ್ದಿ ಮುಟ್ಟಿಸುವ ಪಕ್ಕದ ಮನೆಯ ಕೋಳಿ, ಗಿರಾಕಿಯ ಸ್ವಂತ ಅತ್ತೆ. ಕುನ್‌ಮಿಂಗಿನ ಕಾಲೇಜಿನಲ್ಲಿ ನಾಲ್ಕು ವರ್ಷ ಇತಿಹಾಸ ಓದಿ ಬಂದವಳು ನಾನು. ಅಲ್ಲಿ ಕಲಿತದ್ದರಲ್ಲಿ ಇವತ್ತು ಉಪಯೋಗಕ್ಕೆ ಬರುತ್ತಿರುವುದು ನಮ್ಮ ಪ್ರಾಧ್ಯಾಪಕರ ಕೆಮ್ಮು ಮಾತ್ರ. ಅದರಿಂದ ಎಷ್ಟೋ ಮದುವಣಗಿತ್ತಿಯರ ಕೈಗೆ ಬಳೆ ಏರಿದೆ. ಕೇಳಿದ್ದನ್ನು ಕೇಳಿದ ಹಾಗೇ ಹೇಳುತ್ತೇನೆಂದು ಓಣಿಯವರು ನನಗೆ ಮೈನಾ ಎಂದು ಹೆಸರಿಟ್ಟಿದ್ದಾರೆ. ಅಪ್ಪ ಅಮ್ಮ ಇಟ್ಟ ಹೆಸರು ಈಗ ಅವರಿಗೂ ತಡವಾಗಿ ನೆನಪಾಗುತ್ತದೆ.

ಸೋಪು ತಂದಿಟ್ಟೆ. ಚಿಕ್ಕಮ್ಮ ತೋಳು ಮೇಲೆ ಸರಿಸಿದರು. ನನಗೆ ಮಾತು ನಿಂತುಹೋಯಿತು. ಮೈನಾಗೆ ಮಾತು ನಿಲ್ಲುವುದು ಸಣ್ಣ ಸಂಗತಿಯಲ್ಲ.

ಅವರ ಎಡಗೈಯಲ್ಲಿದ್ದದ್ದು ಅವರ ಸೊಸೆಯ ಬಳೆ. ಇನ್ನೂ ಸೊಸೆಯಾಗದ ಸೊಸೆಯದು. ಮಗ ಬೋಲಿನ್‌ನ ಮದುವೆ ಆ ವಾರದ ಕೊನೆಗಿತ್ತು. ಅವನು ಮೆಚ್ಚಿದ ಹುಡುಗಿ ಲಿಯೆನ್ ದಾಲಿ ಊರಿನವಳು, ಪ್ರವಾಸಿಗರ ಬಸ್ಸು ಓಡಿಸುವವಳು. ಮದುವೆಯ ದಿನ ಸೊಸೆ ಮಂಡಿಯೂರಿ ಅತ್ತೆಗೆ ಚಹಾ ಕೊಡುತ್ತಾಳೆ, ಚಹಾ ಕುಡಿದ ಅತ್ತೆ ಸೊಸೆಗೆ ಬಳೆ ಕೊಡುತ್ತಾಳೆ, ನಾನು ತೊಡಿಸುತ್ತೇನೆ. ಆಮೇಲೆಯೇ ಅವಳು ಆ ಮನೆಯವಳು. ಅದಕ್ಕೆಂದೇ ಚಿಕ್ಕಮ್ಮನ ಗಂಡ ದೇಶೋ ಚಿಕ್ಕಪ್ಪ ತಾವು ಬಹುಕಾಲದಿಂದ ಎತ್ತಿಟ್ಟಿದ್ದ ಒಂದು ಕಲ್ಲನ್ನು ಕೊಯ್ದಿದ್ದರು. ಹೊರಗಿನಿಂದ ಕಲ್ಲು ದೊಡ್ಡದೇ. ಆದರೆ ಒಳಗೆ ಬಿರುಕೋ ಬಿರುಕು. ಬಳೆ ಹುಟ್ಟಿದ್ದು ಒಂದೇ ಒಂದು. ಆದರೆ ಎಂಥ ಬಳೆ. ಗಂಜಿಯ ತಿಳಿಯಂಥ ಬಿಳುಪು, ಅದರೊಳಗೆ ನೀರಲ್ಲಿ ಬಿಟ್ಟ ಪಾಚಿಯ ಎಳೆಯ ಹಾಗೆ ತೇಲುವ ಹಸಿರು. ಚಿಕ್ಕಪ್ಪ ಅದನ್ನು ನೂಲಿನಲ್ಲಿ ತೂಗುಬಿಟ್ಟು ಇನ್ನೊಂದು ಚೂರಿನಿಂದ ತಟ್ಟಿದಾಗ ಬಂದ ನಾದ ಕೇಳಲು ಓಣಿಯ ಗರಗಸಗಳೆಲ್ಲ ಒಂದು ಗಳಿಗೆ ನಿಂತಿದ್ದವು. ಮದುವೆ ಮಾತಿಗೆ ಬಂದ ದಾಲಿಯ ಅಜ್ಜಿ, ಅಂದರೆ ಲಿಯೆನ್‌ಳ ಅಜ್ಜಿ, ಅದನ್ನು ಬಿಸಿಲಿಗೆ ಹಿಡಿದು, ಕಿವಿಗೆ ಹಿಡಿದು, ಕೊನೆಗೆ ಹಲ್ಲಿಗೂ ತಾಗಿಸಿ ನೋಡಿ ಒಪ್ಪಿಕೊಂಡು ಹೋಗಿದ್ದರು. ಆದ್ದರಿಂದ ಬೇರೆ ಬಳೆ ತಂದಿಟ್ಟು ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಹೆಣ್ಣಿನ ಕಡೆಯವರಿಗೆ ಹುಡುಗನ ಮುಖ ಮರೆತರೂ ಮರೆತೀತು, ಆ ಬಳೆ ಮರೆಯುವಂಥದ್ದಲ್ಲ.

"ಕಲ್ಲು ತಣ್ಣಗಿತ್ತು ಕಣೇ," ಎಂದರು ಚಿಕ್ಕಮ್ಮ. "ತಣ್ಣನೆ ಕಲ್ಲು ಆ ಮಗು ಕೈಗೆ ಹೇಗೆ ಹಾಕೋದು? ಸ್ವಲ್ಪ ಬೆಚ್ಚಗೆ ಮಾಡೋಣ ಅಂತ ಹಾಕ್ಕೊಂಡೆ."

ಯಾವಾಗ ಹಾಕಿಕೊಂಡಿರಿ ಎಂದು ಕೇಳಿದೆ. ಮೊನ್ನೆ ಎಂದರು. ಎರಡು ದಿನದಲ್ಲಿ ಕೋಳಿಮೊಟ್ಟೆಯೂ ಮರಿಯಾಗುವಷ್ಟು ಬೆಚ್ಚಗಾಗುತ್ತದಲ್ಲ ಚಿಕ್ಕಮ್ಮ ಎಂದೆ. ಅವರು ನಗಲಿಲ್ಲ. ಬಳೆ ಬಲೆಯಾಗಿ ಕೂತಿತ್ತು.

ಕೆಲಸಕ್ಕೆ ಇಳಿದೆ. ಕೈ ಸೋಪಿನ ನೊರೆಯಲ್ಲಿ ಅದ್ದಿ, ಚೀಲ ತೊಡಿಸಿ, ಬಳೆಯನ್ನು ಮೆಲ್ಲಗೆ ಗಿಣ್ಣಿನ ಕಡೆಗೆ ತಂದೆ. ಹೆಬ್ಬೆರಳ ಬುಡದ ಎಲುಬಿಗೆ ಬಂದು ನಿಂತಿತು. ಬಸ್ ನಿಲ್ದಾಣದಾಕೆಯ ಮೂಗು ತಂದೆ. ಚಿಕ್ಕಮ್ಮ ನಕ್ಕರು. ಬಳೆ ಕೂದಲೆಳೆಯಷ್ಟು ಜರುಗಿತು, ನಿಂತಿತು. ಕೋಳಿಯಾದೆ. ಪ್ರಾಧ್ಯಾಪಕರ ಹಾಗೆ ಕೆಮ್ಮಿದೆ. ದೇಶೋ ಚಿಕ್ಕಪ್ಪನ ಹಾಗೆ ಒಂದು ಕಣ್ಣು ಮುಚ್ಚಿ ಕಲ್ಲು ನೋಡುತ್ತ 'ಹೂಂ' ಎಂದೆ. ಅದಕ್ಕೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು, ಕೈ ಬೆಣ್ಣೆಯಾಯಿತು, ಇನ್ನೇನು ಬಂತು ಎನ್ನುವಾಗ ಮತ್ತೆ ಅದೇ ಎಲುಬಿಗೆ ಬಂದು ನಿಂತಿತು. ನನ್ನ ಕಸುಬಿನಲ್ಲಿ ಇಂಥ ಕೈ ಕಂಡಿರಲಿಲ್ಲ. ತಾಯಿತದಂತೆ ಕಟ್ಟಿಟ್ಟುಕೊಂಡಿದ್ದ ನನ್ನ ಅನುಕರಣೆಗಳೆಲ್ಲ ಖಾಲಿಯಾದವು. ಚಿಕ್ಕಮ್ಮ ಕೈ ಒರೆಸಿಕೊಂಡು, ತೋಳು ಇಳಿಸಿಕೊಂಡು, ಯಾರಿಗೂ ಹೇಳಬೇಡ ಎಂದು ನನ್ನ ತಲೆ ಮುಟ್ಟಿಸಿ ಆಣೆ ಹಾಕಿಸಿಕೊಂಡು ಹೋದರು.

ಕೊಯ್ದು ತೆಗೆಯುವ ದಾರಿಯೊಂದಿತ್ತು. ಅದನ್ನು ನಾವಿಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ಮದುವೆಗೆ ಮುಂಚೆ ಬಳೆ ಒಡೆದರೆ ಎಂಥ ಅಪಶಕುನವೆಂದು ನಮ್ಮ ಓಣಿಯ ಬೆಕ್ಕಿಗೂ ಗೊತ್ತು.

ಅವರಿಗೆ ಇಷ್ಟೊಂದು ಭಯವೇಕೆಂದರೆ ದೇಶೋ ಚಿಕ್ಕಪ್ಪನ ನಂಬಿಕೆ. ಚಿಕ್ಕಪ್ಪ ಕಲ್ಲು ಕೊಯ್ಯುವುದನ್ನು ಕಲಿತದ್ದು ಹಳೆಯ ಕಾಲದ ಗುರುವಿನಿಂದ. ಕೊಯ್ಯುವವನ ಹೆಂಡತಿ ಜೇಡ್ ತೊಡಬಾರದು, ತೊಟ್ಟರೆ ಕಲ್ಲಿನೊಳಗಿನ ಹಸಿರು ಗರಗಸ ಕಂಡು ಓಡಿಹೋಗುತ್ತದೆ ಎಂದು ಆ ಗುರು ಹೇಳಿದ್ದ. ಓಣಿಯ ಉಳಿದ ಕಸುಬಿನವರು ಆ ಮಾತನ್ನು ಎಂದೋ ಬಿಟ್ಟರು. ಅವರ ಹೆಂಡಿರು ಈಗ ಕೊತ್ತಂಬರಿ ತರಲು ಹೋಗುವಾಗಲೂ ಕಿವಿ, ಕೊರಳು, ಬೆರಳು ಎಲ್ಲೆಡೆ ಹಸಿರು ಚಿಗುರಿಸಿಕೊಂಡು ಹೋಗುತ್ತಾರೆ. ದೇಶೋ ಚಿಕ್ಕಪ್ಪ ಬಿಡಲಿಲ್ಲ. ಒರಟು ಮನುಷ್ಯರೇನಲ್ಲ. ಹೆಂಡತಿಗೆ ಬೆಳ್ಳಿ ತಂದಿದ್ದಾರೆ, ರೇಷ್ಮೆ ತಂದಿದ್ದಾರೆ, ಬೇಡವೆಂದರೂ ಒಮ್ಮೆ ಬಟ್ಟೆ ಒಗೆಯುವ ಯಂತ್ರ ಹೊತ್ತು ತಂದಿದ್ದಾರೆ. ಜೇಡ್ ಮಾತ್ರ ಇಲ್ಲ. ಚಿಕ್ಕಮ್ಮನೂ ಕೇಳಲಿಲ್ಲ. ಊರ ಹೆಣ್ಣುಮಕ್ಕಳ ಕೈಗೆಲ್ಲ ಹೋದ ಬಳೆಗಳು ಅವರ ಅಡುಗೆಮನೆಯ ಕಿಟಕಿಯ ಮುಂದೆಯೇ ಒಣಗುತ್ತಿದ್ದವು. ಅವರು ಪಕ್ಕದಲ್ಲಿ ಸೊಪ್ಪು ಬಿಡಿಸುತ್ತ ಕೂತಿರುತ್ತಿದ್ದರು.

ಮರುದಿನ ಬೆಳಿಗ್ಗೆ ಏನೋ ನೆಪ ಮಾಡಿಕೊಂಡು ಅವರ ಮನೆಗೆ ಹೋದೆ. ಅಂಗಳದಲ್ಲಿ ಚಿಕ್ಕಪ್ಪ ಕಲ್ಲಿಗೆ ನೀರು ಬಿಟ್ಟುಕೊಂಡು ಚಕ್ರ ತಿರುಗಿಸುತ್ತಿದ್ದರು. ನನ್ನನ್ನು ಕಂಡು ನಿಲ್ಲಿಸಿದರು.

"ನಿನ್ನ ಚಿಕ್ಕಮ್ಮಂಗೆ ಎಣ್ಣೆ ಸಿಡಿದಿದೆಯಂತೆ. ತೋಳೇ ಮೇಲೆತ್ತಲ್ಲ. ಹೋಗಿ ಸ್ವಲ್ಪ ನೋಡಮ್ಮ, ನನಗೆ ತೋರಿಸಲ್ಲ ಅವಳು."

ಸುಟ್ಟಗಾಯಕ್ಕೆ ಮುಲಾಮು ಕೂಡ ತಂದಿಟ್ಟಿದ್ದಾರಂತೆ. ಪೆಟ್ಟಿಗೆ ತೆರೆದು ಬಳೆ ನೋಡೋಣವೆಂದರೆ ಅದಕ್ಕೂ ಬಿಡುತ್ತಿಲ್ಲವಂತೆ. ಮದುವೆಗೆ ಮುಂಚಿನ ವಾರ ಬಳೆ ಪೆಟ್ಟಿಗೆ ತೆರೆಯಬಾರದು ಎಂದು ಶಾಸ್ತ್ರವಿದೆಯಂತೆ. ಅಂಥ ಶಾಸ್ತ್ರ ತಾವು ಕೇಳಿರಲಿಲ್ಲ, ಹೆಂಗಸರಿಗೆ ಗೊತ್ತಿರುತ್ತದೆ ಎಂದು ಚಿಕ್ಕಪ್ಪ ತಲೆಯಾಡಿಸಿದರು. ನಾನೂ ಗಂಭೀರವಾಗಿ ತಲೆಯಾಡಿಸಿದೆ. ನಮ್ಮಲ್ಲಿ ಶಾಸ್ತ್ರಗಳು ಹುಟ್ಟುವುದೇ ಹೀಗೆ. ಇನ್ನು ನೂರು ವರ್ಷಕ್ಕೆ ಯಾರೋ ಕಾಲೇಜಿನಲ್ಲಿ ಇದನ್ನು ಪಾಠ ಮಾಡುತ್ತ ಕೆಮ್ಮುತ್ತಾರೆ.

ಬಳೆಯ ಅಳತೆ ಸರಿಯಿದೆಯೋ ಎಂದು ಅದೇ ಉಸಿರಿನಲ್ಲಿ ಕೇಳಿದೆ. ತೊಡಿಸುವವಳು ನಾನು, ನನಗೆ ಚಿಂತೆ. ಹುಡುಗಿಗೆ ಮೊದಲು ಬಳೆ ತೊಟ್ಟು ಅಭ್ಯಾಸವಿರಲಿಲ್ಲ, ಅಳತೆಗೆ ಹಳೆಯ ಬಳೆ ಸಿಕ್ಕಿರಲಿಲ್ಲ; ಚಹಾದ ಶಾಸ್ತ್ರಕ್ಕೆ ಮುಂಚೆ ತೊಟ್ಟು ನೋಡುವ ಹಾಗೂ ಇಲ್ಲ. ಬೋಲಿನ್ ಅವಳ ಕೈಸುತ್ತಳತೆಯನ್ನು ನೂಲಿನಲ್ಲಿ ತೆಗೆದು ತಂದರೆ ಚಿಕ್ಕಪ್ಪ ಅದನ್ನು ಮುಟ್ಟಿರಲಿಲ್ಲ.

"ನೂಲು ಹಿಗ್ಗುತ್ತೆ. ಕಣ್ಣು ಹಿಗ್ಗಲ್ಲ," ಎಂದರು ಈಗಲೂ. "ಮೊದಲನೇ ಸಲ ಮನೆಗೆ ಬಂದಾಗ ಚಹಾ ಬಗ್ಗಿಸಿದಳಲ್ಲ, ಆಗಲೇ ನೋಡ್ಕೊಂಡೆ. ಹೆಣ್ಣುಮಕ್ಕಳ ಕೈ ಅಳೆಯೋದು ನನಗೆ ನೀನು ಹೇಳಿಕೊಡ್ತೀಯಾ?"

ಇಲ್ಲ ಎಂದು ಒಳಗೆ ಹೋದೆ.

ಚಿಕ್ಕಮ್ಮ ಹಿತ್ತಿಲ ತೊಟ್ಟಿಯ ಹತ್ತಿರ ಸೋಯಾ ಹಾಲು ಸೋಸುತ್ತಿದ್ದರು. ಮದುವೆಗೆ ಈ ಹಾಲು ಒಡೆಸಿ ಮಾಡಿದ ಮನೆಯದೇ ಟೋಫು ಬೇಕೆಂದು ಅವರ ಹಟ. ಚಿಕ್ಕಪ್ಪ ತಂದ ಸುಟ್ಟಗಾಯದ ಮುಲಾಮು ಮುಕ್ಕಾಲು ಖಾಲಿಯಾಗಿತ್ತು. ಅದನ್ನು ಬಳೆಗೆ ಬಳಿದು ಬಳಿದು ನೋಡಿದ್ದರಂತೆ, ಜಾರಲಿಲ್ಲವಂತೆ. ಹಾಗಾದರೆ ತಣ್ಣೀರು ನೋಡೋಣ ಎಂದೆ. ಬಾವಿಯಿಂದ ಆಗ ತಾನೇ ಸೇದಿದ ನೀರಿನಲ್ಲಿ ಅವರ ಕೈಯನ್ನು ಮೊಣಕೈವರೆಗೆ ಇಳಿಬಿಟ್ಟು, ಆಮೇಲೆ ಮೇಲೆತ್ತಿ ಹಿಡಿಸಿ, ರಕ್ತ ಇಳಿಯಲೆಂದು ಕಾದೆವು. ಕೈ ಬಾಡಿದ ಮೂಲಂಗಿಯಂತಾಯಿತು. ಇದಕ್ಕಿಂತ ಸಣ್ಣದಾಗುವುದು ಸಾಧ್ಯವಿರಲಿಲ್ಲ. ಸೋಪು ಹಚ್ಚಿ ಎಳೆದೆ.

ಈ ಸಲ ನಾನು ಯಾರ ದನಿಯನ್ನೂ ತೆಗೆಯಲಿಲ್ಲ. ಬಾಯಿ ಸುಮ್ಮನಿದ್ದುದರಿಂದ ಕಣ್ಣಿಗೆ ಕೆಲಸ ಸಿಕ್ಕಿತು. ಬಳೆ ಸರಾಗವಾಗಿ ಗಿಣ್ಣಿನವರೆಗೆ ಬಂತು. ಅಂಗೈಯೊಳಗೆ ಮಡಚಿದ್ದ ಹೆಬ್ಬೆರಳು, ಬಳೆ ಎಲುಬು ದಾಟುವ ಗಳಿಗೆಯಲ್ಲಿ, ಮಗು ನಿದ್ದೆಯಲ್ಲಿ ಕಾಲು ಚಾಚುವ ಹಾಗೆ ಮೆಲ್ಲಗೆ ಹೊರಗೆ ಚಾಚಿತು. ಬಳೆ ನಿಂತಿತು. ಮಡಚಿ ಹಿಡಿದು ಮತ್ತೆ ಎಳೆದೆ. ಮತ್ತೆ ಚಾಚಿತು. ಚಿಕ್ಕಮ್ಮ ಬೇರೆಲ್ಲೋ ನೋಡುತ್ತಿದ್ದರು.

ನಾನು ಕೈ ಬಿಟ್ಟೆ.

"ಚಿಕ್ಕಮ್ಮ, ಬಳೆ ನಿಮ್ಮನ್ನ ಹಿಡ್ಕೊಂಡಿಲ್ಲ. ನೀವು ಬಳೇನ ಹಿಡ್ಕೊಂಡಿದ್ದೀರಿ."

ಅವರ ಮೊಣಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅಂಗಳದಲ್ಲಿ ಚಕ್ರ ಮತ್ತೆ ತಿರುಗತೊಡಗಿತು. ಚಿಕ್ಕಮ್ಮ ತೊಟ್ಟಿಯ ಅಂಚಿನ ಮೇಲೆ ಕೂತರು. ಸೋಸುಬಟ್ಟೆಯನ್ನು ತೆಗೆದು ಹಿಂಡಿದರು, ಹಿಂಡಿದ್ದನ್ನೇ ಇನ್ನೊಮ್ಮೆ ಹಿಂಡಿದರು.

"ತಣ್ಣಗಿತ್ತು ಅಂದಿದ್ದು ಸುಳ್ಳು," ಎಂದರು. "ಒಂದು ಸಲ ಹಾಕಿ ನೋಡಿ ತೆಗೆಯೋಣ ಅಂತ ಹಾಕ್ಕೊಂಡೆ. ನಮ್ಮನೆ ಬಳೆ ಇಲ್ಲದ ಕೈ ಈ ಓಣೀಲಿ ಯಾವುದಿದೆ ಹೇಳು, ನಂದು ಬಿಟ್ಟು? ಕೊಡೋ ಮುಂಚೆ ಹೇಗಿರುತ್ತೆ ಅಂತ ಗೊತ್ತಾದ್ರೆ ಸಾಕು ಅನ್ಕೊಂಡೆ. ಹಾಕಿದ ಮೇಲೆ ಗೊತ್ತಾಯ್ತು. ಅದು ಹೊರಗಿನದು ಅಂತ ಅನ್ನಿಸ್ಲೇ ಇಲ್ಲ ಕಣೇ. ಯಾವತ್ತೋ ಇದ್ದದ್ದು ವಾಪಸ್ ಬಂದ ಹಾಗೆ ಕೂತ್ಕೊಂಡ್ತು."

ಚಿಕ್ಕಪ್ಪನಿಗೆ ಹೇಳಿಬಿಡಿ ಎಂದೆ.

"ಏನಂತ ಹೇಳ್ಲಿ? ಸೊಸೆ ಮನೆಗೆ ಬರೋ ಮುಂಚೆಯೇ ಅವಳ ಬಳೆ ಮೇಲೆ ಅತ್ತೆ ಕಣ್ಣು ಬಿತ್ತು ಅಂತಾನಾ? ಇಷ್ಟು ವರ್ಷ ಅವರ ಮಾತು ನಡೆಸಿದೀನಿ. ಈಗ ಹಸಿರು ಓಡಿಹೋಯ್ತು ಅಂತ ಜೀವಮಾನವೆಲ್ಲ ಕಲ್ಲು ನೋಡ್ಕೊಂಡು ಕೂರ್ತಾರೆ." ಬಳೆಯನ್ನು ಒಂದು ಸುತ್ತು ತಿರುಗಿಸಿದರು. "ಕೊಡ್ತೀನಿ ಬಿಡು. ಚಹಾದ ಹೊತ್ತಿಗೆ ಕೊಡ್ತೀನಿ. ಅಲ್ಲೀವರೆಗೂ ನನ್ನ ಪಾಡಿಗೆ ಬಿಡು."

ಬಿಟ್ಟೆ. ಆದರೆ ನಂಬಲಿಲ್ಲ. ಕೊಡುತ್ತೇನೆ ಎನ್ನುವುದು ಬಾಯಿ. ಹಾಗೆನ್ನುವಾಗ ಆ ಹೆಬ್ಬೆರಳು ಏನು ಮಾಡುತ್ತಿತ್ತು ಎಂಬುದನ್ನು ನಾನು ನೋಡಿದ್ದೆ. ಚಹಾದ ಬಟ್ಟಲು ಹಿಡಿದು ಸೊಸೆ ಕೂತಿರುವಾಗ, ದಾಲಿಯಿಂದ ಬಂದ ಬೀಗರೆಲ್ಲ ನೋಡುತ್ತಿರುವಾಗ, ಅತ್ತೆ ತೆರೆದ ಪೆಟ್ಟಿಗೆ ಖಾಲಿಯಿದ್ದರೆ ಏನು ಗತಿ? ಖಾಲಿ ಪೆಟ್ಟಿಗೆಯ ಮನೆಗೆ ಹುಡುಗಿಯನ್ನು ಬಿಟ್ಟು ಹೋಗುವ ಅಜ್ಜಿಯಲ್ಲ ಆಕೆ.

ಆ ಅಜ್ಜಿಯ ಬಗ್ಗೆ ಹೇಳಬೇಕು. ನಮ್ಮ ಕಡೆಯ ಮಾತು ಮೆತ್ತಗೆ, ನೂಡಲ್ಸಿನ ಹಾಗೆ ಜಾರುವಂಥದ್ದು. ದಾಲಿಯವರದು ಹಾಗಲ್ಲ, ಹುರಿದ ಕಡಲೆ. ಒಂದೊಂದು ಮಾತೂ ಹಲ್ಲಿಗೆ ಸಿಕ್ಕುತ್ತದೆ. ಮದುವೆ ಮಾತಿಗೆಂದು ಮೊದಲ ಸಲ ಬಂದಾಗ ಅಜ್ಜಿ ಬಸ್ಸಿನಿಂದ ಇಳಿದವರೇ ನಮ್ಮ ಓಣಿಯನ್ನು ಆ ತುದಿಯಿಂದ ಈ ತುದಿಗೆ ನೋಡಿ, ಊರು ಛಲೋ ಅದ, ಆದರ ಎಲ್ಲಾರ ಮನಿ ಮುಂದನೂ ಕಲ್ಲ ಬಿದ್ದಾವ, ಬಳಕೊಳ್ಳಲಿಕ್ಕೆ ಯಾರಿಗೂ ಪುರಸೊತ್ತಿಲ್ಲೇನು ಎಂದು ಕೇಳಿದ್ದರು. ಒಂದೊಂದು ಕಲ್ಲೂ ಒಂದೊಂದು ಮನೆಯ ಬೆಲೆಯದ್ದು. ನಾನು ಆ ದನಿಯನ್ನು ಅವತ್ತೇ ಕದ್ದುಕೊಂಡೆ.

ಮದುವೆಯ ದಿನ ಓಣಿ ಕೆಂಪಾಗಿತ್ತು. ಬಾಗಿಲಿಗೆ ಕೆಂಪು ಕಾಗದ, ಗೊಂಚಲು ಗೊಂಚಲು ಪಟಾಕಿಯ ಸಿಪ್ಪೆ, ಕುಡಿಯಲಾರಂಭಿಸಿದ ಮಾವಂದಿರ ಮೂಗು. ಹಂದಿತೊಡೆಯ ಘಮ, ಹುರಿದ ಅಕ್ಕಿಬಿಲ್ಲೆಯ ಘಮ. ನಡುಮನೆಯಲ್ಲಿ ದೇಶೋ ಚಿಕ್ಕಪ್ಪ ಮತ್ತು ಮೆಯ್‌ಜೆನ್ ಚಿಕ್ಕಮ್ಮ ಜೋಡಿ ಕುರ್ಚಿಯಲ್ಲಿ ಕೂತರು. ನಾನು ಸೋಪು, ಚೀಲ, ಬೋಗುಣಿ ಇಟ್ಟುಕೊಂಡು ಪಕ್ಕದಲ್ಲಿ ನಿಂತೆ.

ಲಿಯೆನ್ ಮಂಡಿಯೂರಿದಳು. ಮಾವನಿಗೆ ಚಹಾ ಕೊಟ್ಟಳು. ಅತ್ತೆಗೆ ಕೊಟ್ಟಳು. ಚಿಕ್ಕಮ್ಮ ಒಂದೇ ಗುಟುಕಿಗೆ ಕುಡಿದು ಬಟ್ಟಲು ಇಳಿಸಿ, ಮಡಿಲಿನಿಂದ ಕೆಂಪು ರೇಷ್ಮೆಯ ಪೆಟ್ಟಿಗೆ ತೆಗೆದರು. ಮುಚ್ಚಳ ತೆರೆದರು.

ಬಳೆ ಒಳಗಿತ್ತು.

ನಾನು ಅವರ ಕೈ ನೋಡಿದೆ. ತೋಳು ಮಣಿಕಟ್ಟಿಗೆ ಮಡಚಿತ್ತು. ಹೆಬ್ಬೆರಳ ಬುಡದಿಂದ ಕಿರುಬೆರಳ ಗಿಣ್ಣಿನವರೆಗೆ ಕೈಯ ಸುತ್ತ ಚರ್ಮ ಕೆಂಪಗೆ ತರಚಿತ್ತು, ಅದರ ಮೇಲೆ ಉಳಿದಷ್ಟು ಮುಲಾಮು ಮೆತ್ತಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಎದ್ದು, ಯಾರ ನೆರವೂ ನಗುವೂ ಇಲ್ಲದೆ, ತಾವೇ ಎಳೆದು ತೆಗೆದಿದ್ದಾರೆ. ಪಕ್ಕದ ಕುರ್ಚಿಯಲ್ಲಿ ದೇಶೋ ಚಿಕ್ಕಪ್ಪನೂ ಆ ಕೈಯನ್ನೇ ನೋಡುತ್ತಿದ್ದರು. ಎಣ್ಣೆ ಸಿಡಿದ ಗಾಯ ಚುಕ್ಕೆ ಚುಕ್ಕೆಯಾಗಿರುತ್ತದೆ. ಉಂಗುರದ ಹಾಗೆ ಸುತ್ತಿಕೊಳ್ಳುವುದಿಲ್ಲ. ಬಳೆ ಮಾಡಿ ಮಾಡಿ ತಲೆ ನೆರೆತವರಿಗೆ ಅದು ಯಾವ ಗುರುತೆಂದು ಹೇಳಿಕೊಡಬೇಕಾಗಿರಲಿಲ್ಲ.

ತೊಡಿಸು ಎಂದು ಚಿಕ್ಕಮ್ಮ ನನ್ನ ಕೈಗೆ ಬಳೆ ಕೊಟ್ಟರು. ಬಳೆ ಬೆಚ್ಚಗಿತ್ತು. ನಾನು ಲಿಯೆನ್‌ಳ ಕೈ ಹಿಡಿದುಕೊಂಡೆ.

ಹಿಡಿದ ಕೂಡಲೇ ನನಗೆ ತಿಳಿಯಿತು. ದಿನವಿಡೀ ದೊಡ್ಡ ಬಸ್ಸಿನ ಸ್ಟೀರಿಂಗ್ ಹಿಡಿದು ಬೆಟ್ಟ ಹತ್ತಿಸುವ ಕೈ ಅದು. ಅಂಗೈ ಅಗಲ, ಬುಡ ಗಟ್ಟಿ, ಬೆರಳುಗಳಿಗೆ ಯಾರ ಭಯವೂ ಇಲ್ಲ. ಒಳ್ಳೆಯ ಕೈ. ಆದರೆ ಆ ಬಳೆಯದ್ದಲ್ಲ. ಆದರೂ ಎಲ್ಲರೂ ನೋಡುತ್ತಿದ್ದರಲ್ಲ, ಸೋಪು ಹಚ್ಚಿದೆ, ಚೀಲ ತೊಡಿಸಿದೆ. ಬಸ್ ನಿಲ್ದಾಣದಾಕೆಯ ಮೂಗಿನಿಂದ ಅವಳದೇ ಬಸ್ಸನ್ನು ಕೂಗಿ ಕರೆದೆ. ಲಿಯೆನ್ ಧಾರಾಳವಾಗಿ ನಕ್ಕಳು, ಕೈ ಮೆತ್ತಗೂ ಆಯಿತು. ಬಳೆ ನಾಲ್ಕು ಬೆರಳ ಗಿಣ್ಣನ್ನೇ ದಾಟಲಿಲ್ಲ. ಇನ್ನೂ ಒತ್ತಿದರೆ ಎಲುಬೋ ಕಲ್ಲೋ ಎರಡರಲ್ಲೊಂದು ಹೋಗುತ್ತಿತ್ತು. ಅವಳು ತುಟಿ ಕಚ್ಚಿ, ಒತ್ತಿ ಎಂದು ಕಣ್ಣಲ್ಲೇ ಹೇಳಿದಳು. ಯಾರೋ ಸೂರ್ಯಕಾಂತಿ ಬೀಜ ಜಗಿಯುತ್ತಿದ್ದವರು ಸಿಪ್ಪೆಯನ್ನು ಬಾಯಲ್ಲೇ ಇಟ್ಟುಕೊಂಡರು.

"ನಿಲ್ಸು ಮೈನಾ," ಎಂದರು ದೇಶೋ ಚಿಕ್ಕಪ್ಪ. "ಹೋಗಲ್ಲ ಅದು. ಅಳತೆ ತಪ್ಪಿದೆ."

ಅವರು ಹಾಗೆ ಹೇಳಿದ್ದನ್ನು ಓಣಿ ಎಂದೂ ಕೇಳಿರಲಿಲ್ಲ. ತಾನು ತಂದ ನೂಲು ಎಲ್ಲಿದೆಯೆಂದು ಬೋಲಿನ್ ಕೂಡ ಕೇಳಲಿಲ್ಲ, ಒಳ್ಳೆಯ ಹುಡುಗ. ಕೇಳಿದ್ದು ದಾಲಿಯ ಅಜ್ಜಿ.

"ತಪ್ಪೇದ ಅಂತ ನಮಗೂ ಕಾಣಸ್ತದ್ರೀ. ಆದರ ಯಾರ ಅಳತಿ ಹಿಡದ ಕೊಯ್ದಿರಿ ನೀವು?"

ಚಿಕ್ಕಪ್ಪ ಬಳೆಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಒಂದು ಕಣ್ಣು ಮುಚ್ಚಿ ಅದರೊಳಗಿಂದ ನೋಡಿದರು. ಅಭ್ಯಾಸ ಬಲ.

"ಅಳತೆ ತಗೊಂಡಿರ್ಲಿಲ್ಲ," ಎಂದರು. "ಕಣ್ಣಂದಾಜಲ್ಲಿ ಕೊಯ್ದೆ." ನೆಲ ನೋಡುತ್ತ ಸೇರಿಸಿದರು. "ನನ್ನ ಕಣ್ಣಿಗೆ ದಿನಾ ಬೀಳೋದು ಒಂದೇ ಕೈ."

ಚಿಕ್ಕಮ್ಮ ತರಚಿದ ಕೈಯನ್ನು ಇನ್ನೊಂದು ಕೈಯೊಳಗೆ ಮುಚ್ಚಿಕೊಂಡರು.

ಅಜ್ಜಿ ಏನೋ ಹೇಳಲು ಬಾಯಿ ತೆರೆದರು. ಮದುಮಗಳ ಕೈಗೆ ಬಳೆ ಏರದಿದ್ದರೆ ಆಡಬಹುದಾದ ಮಾತುಗಳು ದಾಲಿಯಲ್ಲಿ ಬೇಕಾದಷ್ಟಿವೆ. ಆದರೆ ಲಿಯೆನ್ ಸೋಪಿನ ಕೈಯಿಂದಲೇ ಅಜ್ಜಿಯ ಮೊಣಕಾಲು ಹಿಡಿದಳು.

"ಅಜ್ಜಿ, ಸುಮ್ಮನ ಇರು. ಬಸ್ ಹೊಡಿಯೋ ಕೈಗೆ ಬಳಿ ಯಾಕ? ಮೊದಲನೇ ತಿರುವಿಗೇ ಸ್ಟೀರಿಂಗಿಗೆ ಬಡದು ಎರಡ ತುಂಡ ಆಗತಿತ್ತು. ಆಮ್ಯಾಲೆ ಅದಕ್ಕೂ ನೀನs ಅಳತಿದ್ದಿ."

ದೇಶೋ ಚಿಕ್ಕಪ್ಪ ಎದ್ದು ಅಂಗಳಕ್ಕೆ ಹೋದರು. ಬಂದಾಗ ಅವರ ಕೈಯಲ್ಲಿ ಒಂದು ಬಿಲ್ಲೆಯಿತ್ತು, ಇನ್ನೂ ಉಜ್ಜದ್ದು, ಅಂಚು ಒರಟು. ಕಲ್ಲಿನಿಂದ ಬಳೆ ಕೊರೆದಾಗ ಬಳೆಯ ಹೊಟ್ಟೆಯೊಳಗಿನ ಗುಂಡು ಕಲ್ಲು ಹಾಗೇ ಉಳಿಯುತ್ತದೆ. ಅದರಿಂದ ಪದಕವೋ ಉಂಗುರದ ಹರಳೋ ಆಗುತ್ತದೆ. ಅವರು ಅದನ್ನು ನೀರಲ್ಲಿ ಅದ್ದಿ ಅಜ್ಜಿಗೆ ಕೊಟ್ಟರು. ಅಜ್ಜಿ ಬಾಗಿಲಿಗೆ ಹೋಗಿ ಬೆಳಕಿಗೆ ಹಿಡಿದರು. ಬಳೆಯಲ್ಲಿ ಎಳೆ ಎಳೆಯಾಗಿ ತೇಲುತ್ತಿದ್ದ ಹಸಿರು ಎಲ್ಲಿಂದ ಹೊರಟಿತ್ತೋ ಆ ಬುಡ ಅದರೊಳಗಿತ್ತು, ನಾಟಿಮಾಡಿದ ಗದ್ದೆಯ ಹಾಗೆ ದಟ್ಟವಾಗಿ. ಮೂರನೆಯ ದಿನ ಹುಡುಗಿ ತವರಿಗೆ ಹೋಗುವ ಹೊತ್ತಿಗೆ ನಡುವೆ ತೂತು ಕೊರೆದು ಕೊರಳಿಗೆ ಕಟ್ಟುವ ಹಾಗೆ ಮಾಡಿಕೊಡುತ್ತೇನೆ, ಕೊರಳಿಗೆ ಅಳತೆ ಬೇಕಿಲ್ಲ ಎಂದರು ಚಿಕ್ಕಪ್ಪ. ಅಜ್ಜಿ ಬಿಲ್ಲೆಯನ್ನು ಹಲ್ಲಿಗೆ ತಾಗಿಸಿ, ಹಸರು ಇದರಾಗs ಹೆಚ್ಚದ, ಬಳಿಕಿಂತ ಇದs ಛಲೋ, ಮೊದಲs ಇದನ್ನ ಕೊಟ್ಟಿದ್ದರ ಆಗತಿತ್ತಲ್ಲ ಎಂದರು. ಕೂಡಲೇ ಬಿಲ್ಲೆಯನ್ನು ಮೊಮ್ಮಗಳ ಅಂಗೈಯಲ್ಲಿಟ್ಟು ಬೆರಳು ಮುಚ್ಚಿದರು, ಯಾರಾದರೂ ಮನಸ್ಸು ಬದಲಿಸಿಯಾರೆಂದು. ಚಿಕ್ಕಮ್ಮ ಆ ಮುಚ್ಚಿದ ಮುಷ್ಟಿಯ ಮೇಲೆ ತಮ್ಮ ಕೈಯಿಟ್ಟು, ಇನ್ನು ನೀನು ನಮ್ಮನೆಯವಳು ಎಂದರು. ಬೀಜ ಜಗಿಯುತ್ತಿದ್ದವರು ಸಿಪ್ಪೆ ಉಗುಳಿದರು.

ಉಳಿದದ್ದು ಬಳೆ. ಕೆಂಪು ತಟ್ಟೆಯ ಮೇಲೆ ಒಂಟಿಯಾಗಿ ಕೂತಿತ್ತು. ಚಿಕ್ಕಮ್ಮ ಅದನ್ನು ಅತ್ತಿತ್ತ ನೋಡದೆ ಎತ್ತಿ ಪೆಟ್ಟಿಗೆಗೆ ಹಾಕಿ ಮುಚ್ಚಳ ಮುಚ್ಚಹೊರಟರು. ಮುಚ್ಚಳದ ಮೇಲೆ ಚಿಕ್ಕಪ್ಪನ ಕೈ ಬಂತು.

"ಸೋಪಿನ ಬೋಗುಣಿ ಇತ್ತ ತಾ ಮೈನಾ."

ತಂದೆ. ಬಳೆ ತೆಗೆದುಕೊಳ್ಳಲು ಕೈ ಚಾಚಿದೆ. ಅವರು ಕೊಡಲಿಲ್ಲ. ಹೊಸ ಕೋಟಿನ ತೋಳು ಮಡಚಿ, ಗಿಡ್ಡ ಮಣೆಯೊಂದನ್ನು ಎಳೆದುಕೊಂಡು ಹೆಂಡತಿಯ ಮುಂದೆ ಕೂತರು. ಕುಡಿದಿದ್ದ ಮಾವಂದಿರಲ್ಲಿ ಒಬ್ಬರು, ಎದುರು ಮನೆಯ ಕಸುಬಿನವರೇ, ಬಾಗಿಲಿಂದಲೇ ಎಚ್ಚರಿಸಿದರು.

"ದೇಶೋ, ನಿನ್ನ ಕಲ್ಲೊಳಗಿನ ಹಸಿರು ಓಡಿಹೋದೀತು ನೋಡ್ಕೋ."

"ಓಡ್ಲಿ ಬಿಡು. ನನಗೂ ಮೊಣಕಾಲು ನೋವು. ಅಟ್ಟಿಸ್ಕೊಂಡು ಹೋಗಲ್ಲ."

ಸಾವಿರಾರು ಬಳೆ ಮಾಡಿದವರು ಒಂದನ್ನೂ ಯಾರ ಕೈಗೂ ತೊಡಿಸಿದವರಲ್ಲ. ಸೋಪನ್ನು ಬಳೆಗೆ ಹಚ್ಚಬೇಕೋ ಕೈಗೋ ಎಂದು ತಿಳಿಯದೆ ತಮ್ಮ ಕೋಟಿಗೆ ಹಚ್ಚಿಕೊಂಡರು. ಬಳೆಯನ್ನು ಚಕ್ರಕ್ಕೆ ಕಲ್ಲು ಹಿಡಿಯುವ ಹಾಗೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು, ಉಸಿರು ಕಟ್ಟಿ ಒತ್ತಿದರು. ನಾನು ಸಹಾಯಕ್ಕೆ ಬಗ್ಗಿದರೆ ಮೊಣಕೈಯಿಂದ ದೂರ ಸರಿಸಿದರು.

"ಮೆಲ್ಲಗೆ," ಎಂದರು ಚಿಕ್ಕಮ್ಮ. ಕಣ್ಣಲ್ಲಿ ನೀರು ಬಂದಿತ್ತು. ತರಚಿದ ಜಾಗಕ್ಕೇ ಸೋಪು ತಾಗಿತ್ತಲ್ಲ. "ಇದು ಕೈ ಕಣ್ರೀ, ಕಲ್ಲಲ್ಲ."

"ಗೊತ್ತು," ಎಂದರು ಅವರು. ಮತ್ತೆ ಒತ್ತಿದರು, ಈ ಸಲ ಮೆಲ್ಲಗೆ. ಬಳೆ ಎಲುಬು ದಾಟಿ ಮಣಿಕಟ್ಟಿಗೆ ಇಳಿಯಿತು. ಅವರು ಅದನ್ನು ಒಮ್ಮೆ ಸುತ್ತ ತಿರುಗಿಸಿ, ಹಸಿರು ಎಳೆ ಮೇಲೆ ಬರುವ ಹಾಗೆ ಕೂರಿಸಿ, ಎದ್ದು ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು, ದಿನವೂ ಮಾಡುವ ಕೆಲಸ ಮುಗಿಸಿದವರ ಹಾಗೆ.

ದಾಲಿಯ ಅಜ್ಜಿ ಬಟ್ಟಲು ಮುಟ್ಟಿ ನೋಡಿ, ಚಾ ಆರಿ ಬಾವಿ ನೀರ ಆಗೇದ, ಇದನ್ನ ಯಾರು ಕುಡೀಬೇಕು ಎಂದರು. ಲಿಯೆನ್ ಎದ್ದು ಅಡುಗೆಮನೆಗೆ ಹೋದಳು. ಹೊಸ ಮನೆ, ಒಲೆ ಕಂಡಿತು, ಚಹಾದ ಡಬ್ಬಿ ಕಾಣಲಿಲ್ಲ. ಅಲ್ಲಿಂದಲೇ ಕೂಗಿ ಕೇಳಿದಳು. ಮೆಯ್‌ಜೆನ್ ಚಿಕ್ಕಮ್ಮ ಕೂತಲ್ಲಿಂದಲೇ ಬಳೆಯಿದ್ದ ಎಡಗೈ ಎತ್ತಿ, ಮೇಲಿನ ಗೂಡಿನಲ್ಲಿದೆ ಎಂದು ತೋರಿಸಿದರು. ಡಬ್ಬಿ ಸಿಕ್ಕಿತು, ನೀರೂ ಒಲೆಗೇರಿತು. ಚಿಕ್ಕಮ್ಮ ಇನ್ನೂ ತೋರಿಸುತ್ತಲೇ ಇದ್ದರು.